ಶೇಕಡಾ ತೊಂಬತ್ತೊಂಬತ್ತು

ಪರದೆಯ ಮೇಲಿನ ಅಂಕಿ ಕದಲಿರಲಿಲ್ಲ. ಹತ್ತೂ ಇಪ್ಪತ್ತಕ್ಕೆ ತೊಂಬತ್ತೊಂಬತ್ತಕ್ಕೆ ಬಂದು ನಿಂತದ್ದು, ಹನ್ನೊಂದೂವರೆಯಾದರೂ ಅಲ್ಲೇ ಇತ್ತು. ಅವಳು ಕುರ್ಚಿಯಿಂದ ಎದ್ದಳು, ಕೂತಳು, ಮತ್ತೆ ಎದ್ದಳು. ಸರ್ವರ್ ಕೋಣೆಯ ಚಳಿಗೆಂದು ಹಾಕಿಕೊಂಡಿದ್ದ ಸ್ವೆಟರಿನ ತೋಳನ್ನು ಮೊಣಕೈವರೆಗೆ ಮಡಚಿ, ಒಂದು ನಿಮಿಷ ಬಿಟ್ಟು ಇಳಿಸಿದಳು. ಮೇಜಿನ ಫೋನು ಬಡಿದುಕೊಂಡಿತು. ಆಸ್ಪತ್ರೆಯ ಆಡಳಿತಾಧಿಕಾರಿ, ಬೆಳಗಿನಿಂದ ಏಳನೆಯ ಸಲ.

"ಏನಾಯ್ತು ಮೇಡಂ?"

"ತೊಂಬತ್ತೊಂಬತ್ತು ಪರ್ಸೆಂಟ್ ಆಗಿದೆ ಸರ್."

"ಆಗಲೂ ಅದೇ ಹೇಳಿದ್ರಿ."

"ಆಗಲೂ ಅಷ್ಟೇ ಆಗಿತ್ತು ಸರ್."

ಆ ಕಡೆ ಉಸಿರು ಬಿಟ್ಟ ಸದ್ದು. "ನೋಡಿ, ಮಧ್ಯಾಹ್ನ ಒಂದು ಗಂಟೆವರೆಗೆ ಕಾಯ್ತೀನಿ. ಆಮೇಲೆ ಆಫ್ ಮಾಡಿ ಆನ್ ಮಾಡಿ. ನಮ್ಮನೆ ಟೀವಿ ಅದಕ್ಕೇ ದಾರಿಗೆ ಬರುತ್ತೆ."

ಟೀವಿಯ ಮಾತಿಗೆ ಉತ್ತರ ಕೊಡುವಷ್ಟು ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ. ಹೂಂ ಅಂದು ಇಟ್ಟಳು.

ನೆಲಮಾಳಿಗೆಯ ಆ ಕೋಣೆಯಲ್ಲಿದ್ದದ್ದು ಮೂರೇ ಯಂತ್ರಗಳು. ಆದರೆ ಅವುಗಳೊಳಗೆ ಹದಿನಾಲ್ಕು ಕಂಪ್ಯೂಟರುಗಳು ವಾಸವಾಗಿದ್ದವು. ಒಂದೇ ವಠಾರದ ಸಂಸಾರಗಳ ಹಾಗೆ ಗೋಡೆ, ನೀರು, ಬೆಳಕು ಎಲ್ಲ ಹಂಚಿಕೊಂಡಿದ್ದರೂ, ಪ್ರತಿಯೊಂದೂ ಇಡೀ ಮನೆ ತನ್ನದೇ ಅಂದುಕೊಂಡಿತ್ತು. ಅವುಗಳಲ್ಲಿ ಒಂದು, ರಕ್ತ, ಗಡ್ಡೆ ಪರೀಕ್ಷಿಸುವ ಲ್ಯಾಬಿನದು, ಬೆಳಗ್ಗೆ ಎಂಟಕ್ಕೆ ನಿಂತುಹೋಗಿತ್ತು.

ಕಾರಣ ಹುಡುಕಲು ಅವಳಿಗೆ ಐದು ನಿಮಿಷವೂ ಬೇಕಾಗಿರಲಿಲ್ಲ. ಯಾವ ಕಂಪ್ಯೂಟರಿಗೇ ಆಗಲಿ ಹೊಸ ತಂತ್ರಾಂಶ ಹಾಕುವ ಮೊದಲು ಸ್ನ್ಯಾಪ್‌ಶಾಟ್ ತೆಗೆದಿಡುವುದು ಈ ಕಸುಬಿನ ವಾಡಿಕೆ. ಹೆಸರು ಕೇಳಿದವರಿಗೆ ಫೋಟೋ ನೆನಪಾಗುತ್ತದೆ. ನಿಜದಲ್ಲಿ ಅದು, ಬರೆಯುತ್ತಿರುವ ಪುಸ್ತಕವನ್ನು ಆ ಪುಟಕ್ಕೇ ಮುಚ್ಚಿಟ್ಟು, ಮುಂದಿನದನ್ನೆಲ್ಲ ಬಿಡಿ ಚೀಟಿಗಳಲ್ಲಿ ಬರೆಯುತ್ತ ಹೋದ ಹಾಗೆ. ಹೊಸದು ಕೆಟ್ಟರೆ ಚೀಟಿ ಎಸೆದು ಪುಸ್ತಕಕ್ಕೆ ಮರಳಬಹುದು. ಸರಿಹೋದರೆ ಸ್ನ್ಯಾಪ್‌ಶಾಟನ್ನು ಅಳಿಸಬೇಕು; ಆಗ ಯಂತ್ರ ಆ ಚೀಟಿಗಳನ್ನೆಲ್ಲ ಪುಸ್ತಕಕ್ಕೆ ನಕಲು ಮಾಡಿಕೊಳ್ಳುತ್ತದೆ. ಎರಡು ದಿನದೊಳಗೆ ಅಳಿಸಿದರೆ ಎರಡು ನಿಮಿಷದ ಕೆಲಸ. ಅವಳು ತೆಗೆದಿಟ್ಟು ಹನ್ನೊಂದು ತಿಂಗಳಾಗಿತ್ತು. ತೆಗೆದದ್ದನ್ನೇ ಮರೆತಿದ್ದಳು. ಚೀಟಿಗಳು ರಾಶಿ ಬಿದ್ದು ಡಿಸ್ಕಿನಲ್ಲಿ ಒಂದು ಸಾಲಿಗೂ ಜಾಗ ಉಳಿದಿರಲಿಲ್ಲ. ಬೇರೆ ಎರಡು ಕಂಪ್ಯೂಟರುಗಳನ್ನು ಪಕ್ಕದ ಯಂತ್ರಕ್ಕೆ ಸಾಗಿಸಿ, ಇದ್ದಬದ್ದ ಹಳೆಯ ಕಡತ ಗುಡಿಸಿ, ಜಾಗ ಮಾಡಿ, ಅಳಿಸುವ ಗುಂಡಿ ಒತ್ತಿದ್ದಳು. ಅಲ್ಲಿಂದ ಶುರುವಾದದ್ದು ಈ ಕಾಯುವಿಕೆ.

ನಡುವೆ ನಿಲ್ಲಿಸಿದರೆ ಪುಸ್ತಕ ಅರ್ಧ ಹಳತು ಅರ್ಧ ಹೊಸತಾಗಿ ಯಾವುದಕ್ಕೂ ಬಾರದೆ ಹೋಗಬಹುದಿತ್ತು. ಪ್ರತಿದಿನ ಬೇರೆಡೆಗೆ ತೆಗೆದಿಡುವ ನಕಲು ಜಾಗ ಸಾಲದೆ ಒಂಬತ್ತು ದಿನದಿಂದ ಆಗಿರಲೇ ಇಲ್ಲ ಎಂಬುದೂ ಬೆಳಗ್ಗೆಯೇ ಗೊತ್ತಾಗಿತ್ತು. ಅಂದರೆ ಒಂಬತ್ತು ದಿನದ ವರದಿಗಳು. ಎರಡು ಸಾವಿರ ಜನರ ರಕ್ತ. ಅವರಲ್ಲಿ ಗಡ್ಡೆಯ ತುಣುಕು ಕೊಟ್ಟು ಮನೆಗೆ ಹೋಗಿ ಫಲಿತಾಂಶ ಕಾಯುತ್ತಿದ್ದವರೂ ಇದ್ದರು. ಇನ್ನೊಮ್ಮೆ ಕೊಡಿ ಅನ್ನಲು ಅದು ಬೆರಳ ತುದಿಯ ಹನಿಯಲ್ಲ.

ಬಾಗಿಲು ತೆರೆದು ಅಕ್ಕ ಬಂದಳು. ಒಡಹುಟ್ಟಿದ ಅಕ್ಕ, ಲ್ಯಾಬಿನ ಮುಖ್ಯಸ್ಥೆ. ಬಿಳಿ ಕೋಟಿನ ಜೇಬಿನಿಂದ ಕಾರ್ಬನ್ ಹಾಳೆಯ ನೀಲಿ ಅಂಚು ಇಣುಕುತ್ತಿತ್ತು.

"ನಿನ್ನ ಡಬ್ಬ ಎದ್ದಿತೇನೇ ಪುಟ್ಟಿ?"

ನಲವತ್ತನಾಲ್ಕು ದಾಟಿದವಳನ್ನು ಇಡೀ ಆಸ್ಪತ್ರೆ ಸರ್ವರ್ ಮೇಡಂ ಅನ್ನುತ್ತಿತ್ತು. ಅಕ್ಕನ ಬಾಯಿಗೆ ಮಾತ್ರ ಅದು ಬಂದಿರಲಿಲ್ಲ.

"ಇಲ್ಲ."

"ನನ್ನ ಹುಡುಗಿಯರ ಬೆರಳೆಲ್ಲ ನೀಲಿ. ಕೈಯಲ್ಲಿ ಬರೆದು ವಾರ್ಡಿಗೆ ಓಡ್ತಿದ್ದಾರೆ. ಡಾಕ್ಟರು ಬರೆಯೋ ಅಕ್ಷರ ನಾವು ಇಷ್ಟು ವರ್ಷ ಓದಿದ್ವಿ, ನಮ್ಮದು ಅವರಿಗೆ ಓದಕ್ಕೆ ಬರ್ತಿಲ್ವಂತೆ." ಅಕ್ಕ ನಗಲು ನೋಡಿ, ತಂಗಿಯ ಮುಖ ಕಂಡು ಬಿಟ್ಟಳು. "ತಿಂದ್ಯಾ ಏನಾದ್ರೂ?"

"ಹಸಿವಿಲ್ಲ."

"ತಪ್ಪು ಯಾರದೇ?"

ಅವಳು ಪರದೆ ನೋಡಿದಳು. "ಇನ್ನೂ ನೋಡ್ತಿದ್ದೀನಿ."

"ನೋಡು, ನೋಡು," ಅಂದು ಅಕ್ಕ ಹೋದಳು. ಹೋಗುವಾಗ ಜೇಬಿನಿಂದ ಒಂದು ಬಿಸ್ಕತ್ತಿನ ಪೊಟ್ಟಣ ಕೀಬೋರ್ಡಿನ ಪಕ್ಕ ಇಟ್ಟಳು.

ತಂತ್ರಾಂಶ ಕಂಪನಿಯ ಸಹಾಯವಾಣಿಯ ಸಾಲಿನಲ್ಲಿ ಅವಳದು ಹದಿನೇಳನೆಯ ಸರದಿ. ಮುಕ್ಕಾಲು ಗಂಟೆಯಿಂದ ಹದಿನೇಳನೆಯದೇ. ಉಳಿದಿದ್ದದ್ದು ಕಟ್ಟೆ. ಈ ಕಸುಬಿನವರು ಅಂತರ್ಜಾಲದಲ್ಲಿ ಸೇರುವ ಚರ್ಚಾಕೂಟಕ್ಕೆ ಅವಳು ಇಟ್ಟುಕೊಂಡಿದ್ದ ಹೆಸರು ಅದು. ಯಾವ ಯಾವ ದೇಶದವರೋ, ಮುಖವಿಲ್ಲದೆ ಅಡ್ಡಹೆಸರಿನಲ್ಲೇ, ಕೆಟ್ಟ ಯಂತ್ರಗಳ ಕಷ್ಟಸುಖ ಹೇಳಿಕೊಳ್ಳುವ ಜಾಗ. ಅಲ್ಲಿ ಅವಳು 'ಇರುವೆ'. ಸಾವಿರದ ನಾನೂರಕ್ಕೂ ಹೆಚ್ಚು ಉತ್ತರ ಬರೆದ ಹಳಬಳು. ಸ್ನ್ಯಾಪ್‌ಶಾಟ್ ಮರೆತು ಅಳುತ್ತ ಬಂದವರನ್ನು ಎಷ್ಟು ಸಲ ಚುಚ್ಚಿದ್ದಳೋ. 'ಕ್ಯಾಲೆಂಡರ್ ಅನ್ನುವ ವಸ್ತುವನ್ನು ಕೇಳಿದ್ದೀರಾ?' ಎಂದು ಒಬ್ಬನಿಗೆ ಬರೆದದ್ದಕ್ಕೆ ಅರವತ್ತು ಜನ ನಕ್ಕಿದ್ದರು. ಇವತ್ತು ಅದೇ ಕಟ್ಟೆಗೆ ಹೋಗಿ ನಾನೂ ಮರೆತೆ ಅನ್ನಲು ಕೈ ಬರಲಿಲ್ಲ. ಪ್ರಶ್ನೆ ಕೇಳದೆ, ಹಳೆಯ ಚರ್ಚೆಗಳನ್ನು ಕೆದಕಿದಳು.

ಸಿಕ್ಕಿತು. ಇದೇ ತಂತ್ರಾಂಶ, ಇದೇ ಡಿಸ್ಕು, ತೊಂಬತ್ತೊಂಬತ್ತರಲ್ಲಿ ಇದೇ ನಿಲುಗಡೆ. ಬರೆದವನ ಅಡ್ಡಹೆಸರು 'ಹಳೇಕೊಡೆ'. ಕೆಳಗೆ ಒಬ್ಬ ಕಾಯಿರಿ ಅಂದಿದ್ದ, ಒಬ್ಬ ಕಾಯಬೇಡಿ ಅಂದಿದ್ದ, ಮೂರನೆಯವನು ಯಂತ್ರದ ಮಾದರಿ ಕೇಳಿ ನಾಪತ್ತೆಯಾಗಿದ್ದ. ಕೊನೆಗೆ ಹಳೇಕೊಡೆಯದೇ ಒಂದು ಸಾಲು: 'ಸರಿಹೋಯಿತು. ಎಲ್ಲರಿಗೂ ಧನ್ಯವಾದ.'

ಅಷ್ಟೇ. ಹೇಗೆ ಸರಿಹೋಯಿತು ಅನ್ನುವುದಿಲ್ಲ. ಅದರ ಕೆಳಗೆ, ಮೂರು ವರ್ಷದ ಉದ್ದಕ್ಕೂ, ಬೇರೆ ಬೇರೆ ಜನ ಬಂದು 'ಹೇಗೆ?' 'ಹೇಗೆ ಸ್ವಾಮಿ?' 'ದಯವಿಟ್ಟು ಹೇಗೆ?' ಎಂದು ಕೇಳಿ ಹೋಗಿದ್ದರು. ಎಣಿಸಿದಳು, ಇಪ್ಪತ್ತಮೂರು ಜನ.

"ನಿನ್ನ ಮನೆ ಹಾಳಾಗ," ಅಂದಳು ಪರದೆಗೆ.

ಹಳೇಕೊಡೆ ಒಂದು ಚಿತ್ರವನ್ನೂ ಅಂಟಿಸಿದ್ದ. ಡಿಸ್ಕಿನ ಪೆಟ್ಟಿಗೆಯ ಹಿಂಭಾಗ. ಕೋಪಕ್ಕೇ ಅದನ್ನು ಹಿಗ್ಗಿಸಿದಳು. ಕೇಬಲ್ಲುಗಳ ಕಟ್ಟು ಕಂಡಿತು. ಎಲ್ಲರ ಹಾಗೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದದ್ದಲ್ಲ. ಮೇಣ ಸವರಿದ ದಾರದಿಂದ, ಗೇಣಿಗೊಂದರಂತೆ, ಒಂದೇ ಅಳತೆಯ ಗಂಟು. ಅವಳು ಕುರ್ಚಿ ತಳ್ಳಿ ಎದ್ದು ಯಂತ್ರದ ಹಿಂದಕ್ಕೆ ಹೋದಳು. ಅದೇ ದಾರ ಅಲ್ಲಿತ್ತು, ಅದೇ ಗಂಟು. ತಾನು ಸೇರಿಸಿದ ಹೊಸ ಕೇಬಲ್ಲುಗಳಿಗೆ ಮಾತ್ರ ಪ್ಲಾಸ್ಟಿಕ್.

ಗಂಟಣ್ಣ.

ಆ ಕೋಣೆಯನ್ನು ಅವಳಿಗಿಂತ ಮೊದಲು ಇಪ್ಪತ್ತು ವರ್ಷ ನೋಡಿಕೊಂಡವರು. ಕೆಲಸ ಕಲಿಸಿದವರೂ ಅವರೇ. ಚರ್ಚೆಯ ದಿನಾಂಕ ನೋಡಿದಳು. ಮೂರು ವರ್ಷದ ಹಿಂದೆ ಇದೇ ಕೋಣೆಯ ಎಕ್ಸ್‌ರೇ ಕಂಪ್ಯೂಟರ್ ನಿಂತುಹೋದ ದಿನ. ಅವತ್ತು ಅವಳು ರಜೆಯಲ್ಲಿದ್ದಳು. ಮಾರನೆಯ ದಿನ ಬಂದಾಗ ಯಂತ್ರ ಸರಿಯಾಗಿತ್ತು, ವಿಚಾರಣೆ ಶುರುವಾಗಿತ್ತು. ಉದ್ದನೆಯ ಮೇಜು, ಆರು ಜನ, ತುದಿಯಲ್ಲಿ ಗಂಟಣ್ಣ. ಕಾರಣವೇನು ಎಂದು ಆಡಳಿತಾಧಿಕಾರಿ ಅವಳನ್ನು ಕೇಳಿದ್ದರು. ಎಂಟು ತಿಂಗಳ ಹಳೆಯ ಸ್ನ್ಯಾಪ್‌ಶಾಟ್ ಸರ್, ಅಂದಿದ್ದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. "ಮೊದಲ ವರ್ಷದ ವಿದ್ಯಾರ್ಥಿಯೂ ಮಾಡದ ತಪ್ಪು," ಎಂದೂ ಸೇರಿಸಿದ್ದಳು. ಗಂಟಣ್ಣ ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿದ್ದರು. ನಿವೃತ್ತಿಗೆ ಐದು ತಿಂಗಳಿರುವಾಗಲೇ ಬೀಗದ ಕೈ ಅವಳ ಮೇಜಿನ ಮೇಲಿಟ್ಟು ಹೊರಟುಹೋದರು. ಆಮೇಲೆ ಮಾತಿಲ್ಲ.

ಹನ್ನೆರಡೂ ಹತ್ತು. ಅಂಕಿ ತೊಂಬತ್ತೊಂಬತ್ತು.

ಫೋನಿನಲ್ಲಿ ಅವರ ಹೆಸರಿನವರೆಗೆ ಹೋಗಿ ಎರಡು ಸಲ ಹಿಂದೆ ಬಂದಳು. ಕೋಣೆಯ ಉದ್ದಕ್ಕೆ ನಡೆದಳು, ಅಗಲಕ್ಕೆ ನಡೆದಳು. ಬಿಸ್ಕತ್ತಿನ ಪೊಟ್ಟಣ ಹರಿದು, ತಿನ್ನದೆ ಇಟ್ಟಳು. ಹನ್ನೆರಡೂ ಇಪ್ಪತ್ತಕ್ಕೆ ಒತ್ತಿಯೇಬಿಟ್ಟಳು.

ಆ ಕಡೆ ಹೊಲಿಗೆ ಯಂತ್ರದ ಸದ್ದು. ಅವರ ಹೆಂಡತಿಯದು ಟೈಲರ್ ಅಂಗಡಿ. ಮೇಣದ ದಾರ ಬರುತ್ತಿದ್ದದ್ದೂ ಅಲ್ಲಿಂದಲೇ.

"ಹೇಳಿ."

"ಅಣ್ಣ, ನಾನು."

ಹೊಲಿಗೆ ಯಂತ್ರ ನಿಂತಿತು. "ಹೂಂ. ಹೇಳು."

"ಹಳೇಕೊಡೆ ನೀವೇನಾ?"

ಆ ಕಡೆ ನಗುವಿನಂಥ ಸದ್ದು. "ಈಗ ಗೊತ್ತಾಯ್ತಾ? ಇರುವೆ ನೀನು ಅಂತ ನನಗೆ ಮೊದಲೇ ಗೊತ್ತಿತ್ತು. ಬೇರೆ ಯಾರಿಗೂ ಅಷ್ಟು ಚೂಪು ನಾಲಿಗೆ ಇಲ್ಲ."

"ಅಣ್ಣ, ಅವತ್ತು ನಾನು…"

"ಏನು ನಿಂತಿದೆ ಅದು ಹೇಳು ಮೊದಲು."

ಹೇಳಿದಳು. ತೊಂಬತ್ತೊಂಬತ್ತು, ಎರಡು ಗಂಟೆಯಿಂದ, ಒಂದಕ್ಕೆ ಆಫ್ ಮಾಡಬೇಕಂತೆ, ಒಂಬತ್ತು ದಿನದ ನಕಲಿಲ್ಲ.

"ಎಷ್ಟು ತಿಂಗಳಿಂದು?"

"ಹನ್ನೊಂದು."

ಕತ್ತರಿಯನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.

"ನಂದು ಎಂಟು," ಅಂದರು.

ಅವಳ ಕಿವಿ ಬಿಸಿಯಾಯಿತು. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಪರದೆ ನೋಡಬೇಡ ತಾಯಿ. ಆ ಅಂಕಿ ಸುಳ್ಳು. ಇನ್ನೆಷ್ಟು ಚೀಟಿ ಇದೆ ಅಂತ ಯಂತ್ರಕ್ಕೇ ಗೊತ್ತಿಲ್ಲ, ತೊಂಬತ್ತೊಂಬತ್ತು ಅಂತ ಹಾಕಿ ಕೂತಿರುತ್ತೆ. ಡಿಸ್ಕಿನ ಮುಂದೆ ಹೋಗಿ ನಿಂತ್ಕೋ. ದೀಪ ಮಿನುಗ್ತಿದೆಯಾ?"

ಹೋಗಿ ನಿಂತಳು. ಹನ್ನೆರಡು ಡಿಸ್ಕು, ಹನ್ನೆರಡು ಹಸಿರು ಚುಕ್ಕೆ. ಎಲ್ಲವೂ ಮಿನುಗುತ್ತಿದ್ದವು. "ಮಿನುಗ್ತಿದೆ."

"ಅಂದ್ರೆ ಬರೀತಿದೆ. ಮಿನುಗೋವರೆಗೆ ಮುಟ್ಟಬೇಡ. ನಡುವೆ ಒಮ್ಮೆ ಪೂರ್ತಿ ನಿಲ್ಲುತ್ತೆ, ಎದೆ ಧಸಕ್ ಅನ್ನುತ್ತೆ. ನೂರು ಎಣಿಸು. ಮತ್ತೆ ಶುರುವಾಗುತ್ತೆ. ನನಗೆ ಐದು ಗಂಟೆ ಹಿಡೀತು."

"ಅಷ್ಟೇನಾ?"

"ಅಷ್ಟೇ. ಕೂತಿದ್ದೆ."

"ಯಾಕೆ ಬರೀಲಿಲ್ಲ ಅಣ್ಣ ಕಟ್ಟೇಲಿ? ಇಪ್ಪತ್ತಮೂರು ಜನ ಕೇಳಿದ್ದಾರೆ."

"ಬರೆಯೋಣ ಅಂತಲೇ ಮಾರನೇ ದಿನ ಕೂತಿದ್ದೆ," ಅಂದರು. "ಅಷ್ಟರಲ್ಲಿ ವಿಚಾರಣೆಗೆ ಕರೆದ್ರು."

ಹೊಲಿಗೆ ಯಂತ್ರ ಮತ್ತೆ ಶುರುವಾಯಿತು. "ಗುಂಡಿ ಹಾಕೋದಿದೆ ಕಣಮ್ಮ, ಗಿರಾಕಿ ಕಾಯ್ತಿದ್ದಾರೆ. ದೀಪ ನೋಡು," ಅಂದು ಇಟ್ಟರು.

ಒಂದು ಗಂಟೆಗೆ ಸರಿಯಾಗಿ ಆಡಳಿತಾಧಿಕಾರಿ ತಾವೇ ಇಳಿದು ಬಂದರು. ಚಳಿಗೆ ಕೈ ಉಜ್ಜಿಕೊಳ್ಳುತ್ತ, ಯಾವ ಗುಂಡಿ ಎಂದು ಹುಡುಕುವವರ ಹಾಗೆ ನೋಡಿದರು. ಅವಳು ಯಂತ್ರಕ್ಕೂ ಅವರಿಗೂ ನಡುವೆ ನಿಂತಳು.

"ಆಫ್ ಮಾಡಲ್ಲ ಸರ್. ಅದು ಕೆಲಸ ಮಾಡ್ತಿದೆ."

"ನಿಮಗೆ ಹೇಗೆ ಗೊತ್ತು?"

"ಇಲ್ಲಿ ನೋಡಿ, ದೀಪ…" ಅನ್ನುತ್ತಿದ್ದ ಹಾಗೇ ಹನ್ನೆರಡು ಚುಕ್ಕೆಗಳೂ ಒಟ್ಟಿಗೆ ನಿಂತವು.

ಮಿನುಗಿಲ್ಲ. ಬರೇ ಹಸಿರು. ಅವಳು ಎಣಿಸತೊಡಗಿದಳು. ಅಧಿಕಾರಿ ಏನೋ ಹೇಳುತ್ತಿದ್ದರು, ಕೈಯೆತ್ತಿ ತಡೆದಳು. ಮೂವತ್ತು. ನಲವತ್ತು. ಕಡತ ಕಂಕುಳಲ್ಲಿಟ್ಟುಕೊಂಡು ಅವರೂ ಕಾರಣ ಗೊತ್ತಿಲ್ಲದೆ ದೀಪ ನೋಡತೊಡಗಿದರು. ಎಪ್ಪತ್ತು. ಸ್ವೆಟರಿನೊಳಗೆ ಬೆನ್ನಿನ ಮೇಲೆ ಬೆವರಿಳಿಯಿತು. ಎಂಬತ್ತೆಂಟಕ್ಕೆ ಕೆಳಸಾಲಿನ ಒಂದು ಚುಕ್ಕೆ ಮಿಣುಕಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಎಲ್ಲವೂ.

"ಏನದು?" ಅಂದರು ಅಧಿಕಾರಿ, ಪಿಸುದನಿಯಲ್ಲಿ.

"ಉಸಿರು ತಗೊಂಡಿತು ಸರ್."

ಅವರು ಹೊರಡುವ ಮುನ್ನ ದನಿ ತಗ್ಗಿಸಿದರು. "ವರದಿ ಬರೀಬೇಕಲ್ಲ. ಇದನ್ನ ಕೂರಿಸಿದವರು ಹಳಬರು ತಾನೆ? ಆ ದಾರ ಕಟ್ಟೋರು. ಮೊದಲೂ ಒಮ್ಮೆ ಮಾಡಿದ್ರು. ಹಳೇ ತೊಂದರೆ ಅಂತ ಬರೆದ್ರೆ ಯಾರಿಗೂ ತಲೆನೋವಿಲ್ಲ."

ಅವಳು ದೀಪದ ಕಡೆಗೇ ತಿರುಗಿದಳು. ಅವರು ಅದನ್ನು ಒಪ್ಪಿಗೆ ಅಂದುಕೊಂಡು ಹೋದರು.

ಮೂರೂ ಹತ್ತಕ್ಕೆ ಪರದೆಯ ಪಟ್ಟಿ ಯಾವ ಸಡಗರವೂ ಇಲ್ಲದೆ ಮಾಯವಾಯಿತು. ಲ್ಯಾಬಿನ ಕಂಪ್ಯೂಟರ್ ಎದ್ದಿತು. ನಿನ್ನೆ ರಾತ್ರಿಯ ಕೊನೆಯ ವರದಿಯವರೆಗೆ ಎಲ್ಲ ಇತ್ತು. ಅವಳು ಎರಡು ಸಲ ನೋಡಿದಳು, ಮತ್ತೆ ಒಂಬತ್ತು ದಿನಗಳಲ್ಲಿ ಒಂದೊಂದು ದಿನವನ್ನೂ ತೆರೆದು ನೋಡಿದಳು.

ವರದಿಯ ನಮೂನೆಯಲ್ಲಿ 'ಕಾರಣ' ಎಂಬಲ್ಲಿ ನಾಲ್ಕು ಸಾಲಿನ ಜಾಗವಿತ್ತು. ಬರೆದಳು: 'ಹನ್ನೊಂದು ತಿಂಗಳ ಹಿಂದೆ ನಾನು ತೆಗೆದ ಸ್ನ್ಯಾಪ್‌ಶಾಟನ್ನು ನಾನು ಅಳಿಸಲಿಲ್ಲ. ಈ ಕೋಣೆಯ ಹಿಂದಿನ ಅಧಿಕಾರಿಗೂ ಇದಕ್ಕೂ ಸಂಬಂಧವಿಲ್ಲ. ಯಂತ್ರ ಉಳಿದದ್ದು ಅವರ ಸಲಹೆಯಿಂದ.' ಇನ್ನೂ ಒಂದು ಸಾಲು ಉಳಿದಿತ್ತು. ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. ಸಹಿ ಮಾಡಿದಳು.

ಆಮೇಲೆ ಕಟ್ಟೆಗೆ ಹೋದಳು. ಇಪ್ಪತ್ತಮೂರು 'ಹೇಗೆ'ಗಳ ಕೆಳಗೆ, ಇರುವೆಯ ಹೆಸರಿನಲ್ಲೇ ಬರೆದಳು: ಅಂಕಿ ನಂಬಬೇಡಿ, ದೀಪ ನೋಡಿ, ನಿಂತರೆ ನೂರು ಎಣಿಸಿ, ಮುಟ್ಟಬೇಡಿ. ಹೇಳಿಕೊಟ್ಟವರು ಹಳೇಕೊಡೆ. ನನ್ನದು ಹನ್ನೊಂದು ತಿಂಗಳು. ಕಳಿಸುವ ಗುಂಡಿ ಒತ್ತಿದಾಗ ಒಂದು ಚೌಕಟ್ಟು ಎದ್ದು ಬಂತು: 'ಈ ಚರ್ಚೆ ಮೂರು ವರ್ಷ ಹಳೆಯದು. ಈಗಲೂ ಉತ್ತರಿಸಬೇಕೆ?'

ಹೌದು ಅನ್ನುವುದನ್ನು ಒತ್ತಿದಳು.

ಬಾಗಿಲು ಮೊಣಕೈಯಿಂದ ತೆರೆದುಕೊಂಡಿತು. ಅಕ್ಕನ ಎರಡೂ ಕೈಯಲ್ಲಿ ಕಾರ್ಬನ್ ಚೀಟಿಗಳ ಕಟ್ಟು.

"ಎದ್ದಿತಂತಲ್ಲ. ಬೆಳಗಿಂದ ಬರೆದ ಇನ್ನೂರ ಹನ್ನೆರಡು ಚೀಟಿ ಇವೆ. ಯಾರು ತುಂಬ್ತಾರೆ ಇದನ್ನ? ನಿನ್ನ ಇನ್ನೊಬ್ಬ ಅಕ್ಕನಾ?"

"ಕೊಡು."

"ತಪ್ಪು ಯಾರದು ಅಂತ ಸಿಕ್ಕಿತಾ?"

"ನಂದು."

ಅಕ್ಕ ಅವಳ ಮುಖ ನೋಡಿದಳು. ಇನ್ನೊಂದು ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಏರಿಸಿ, ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದಳು.

"ಮೇಲಿಂದ ತಗೋಬೇಡ, ಅದು ಈಗಿಂದು. ತಳದಿಂದ ಶುರು ಮಾಡು. ನಾನು ಓದ್ತೀನಿ."

ಅವಳು ಕಟ್ಟನ್ನು ಬೋರಲು ಹಾಕಿದಳು. ಎಂಟೂ ಐದರ ಮೊದಲ ಚೀಟಿ, ಅಂಚು ಮುದುಡಿ, ನೀಲಿ ಹೆಬ್ಬೆರಳ ಗುರುತಿನೊಂದಿಗೆ, ಮೇಲೆ ಬಂತು. ಪೊಟ್ಟಣದಿಂದ ಒಂದು ಬಿಸ್ಕತ್ತು ತೆಗೆದು ಬಾಯಿಗಿಟ್ಟುಕೊಂಡು, ಕೀಬೋರ್ಡನ್ನು ಹತ್ತಿರಕ್ಕೆ ಎಳೆದಳು.