ದೊರೆಯ ಮೂಗು

ಹೋಟೆಲಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಗ್ಲಾಸಿನ ಮೇಲೆ ಮೂಗಾಡಿಸಿ ವೈನಿನ ಜಾತಕವನ್ನೇ ಬಿಚ್ಚಿಡುತ್ತಾನೆಂದು ಮೊದಲು ‘ಮೂಗಿನ ದೊರೆ’ ಎಂದರು, ಆಮೇಲೆ ಬರೀ ದೊರೆ. ಯಾವ ಊಟಕ್ಕೆ ಯಾವ ವೈನ್ ಎಂದು ಆರಿಸಿಕೊಡುವುದು ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ. ಅಂಥ ದೊರೆಯ ಮೂಗು ಮೂರು ತಿಂಗಳ ಹಿಂದೆ ಒಂದು ಜ್ವರದಲ್ಲಿ ಕೈಕೊಟ್ಟಿತ್ತು. ಸೋಪೂ ಒಂದೇ, ಸೀದ ಹಾಲೂ ಒಂದೇ. ಯಾರಿಗೂ ಬಾಯಿಬಿಟ್ಟಿರಲಿಲ್ಲ. ಮೂಗಿಲ್ಲದ ದೊರೆಯನ್ನು ಯಾರು ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆ ಹೇಳಿ? ಹಳೆಯ ಬಾಯಿಪಾಠ ಒಪ್ಪಿಸಿಕೊಂಡು ದಿನ ದೂಡುತ್ತಿದ್ದ.

ಆ ಮಧ್ಯಾಹ್ನ ಯಜಮಾನಿ ಇಟಲಿಯಿಂದ ಬಂದ ಕೆಂಪು ವೈನಿನ ಎರಡು ಬಾಟಲಿ ಮೇಜಿನ ಮೇಲಿಟ್ಟರು.

“ಸಾಂಜೊವೇಸೆ ಅನ್ನೋ ದ್ರಾಕ್ಷಿಯದು. ರುಚಿ ಹೇಗಿದೆ, ಯಾವ ಊಟಕ್ಕೆ ಹೊಂದುತ್ತೆ, ಹೇಳಿ ದೊರೆ. ಇವತ್ತೇ ವೈನಿನ ಕಾರ್ಡ್ ಬರೀಬೇಕು.”

ಅಡುಗೆಮನೆ ನೋಡಿಕೊಳ್ಳುವ ಅವನ ತಂಗಿಯೂ ಸೌಟು ಹಿಡಿದೇ ಬಂದು ನಿಂತಳು. ದೊರೆ ಬಿರಡೆ ತೆಗೆದು ಮೂರು ಗ್ಲಾಸಿಗೆ ಬಗ್ಗಿಸಿದ. ತನ್ನದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ.

“ಆಹಾ! ಹುಳಿ ಚೆರಿ. ಹಿಂದೇನೇ ಹೂವು. ಏನು ತಾಜಾ ಅಂತೀರಿ!”

ಕಣ್ಣು ಬಿಟ್ಟರೆ ತಂಗಿ ತನ್ನ ಗ್ಲಾಸು ಮೂಸಿ ಮುಖ ಕಿವುಚಿಕೊಂಡು ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಯಜಮಾನಿ ಗ್ಲಾಸು ಎತ್ತುವಷ್ಟರಲ್ಲಿ ಅವಳ ಸೌಟು ತಗುಲಿ ವೈನೆಲ್ಲ ಮೇಜಿನ ಪಾಲಾಯಿತು.

“ಅಯ್ಯೋ, ನನ್ನ ಕೈಗಿಷ್ಟು! ಅಣ್ಣ, ಬಾ, ಬಟ್ಟೆ ತರೋಣ,” ಎಂದು ಬಾಟಲಿಯನ್ನೂ ಎತ್ತಿಕೊಂಡು ಅವನನ್ನು ಅಡುಗೆಮನೆಗೆ ಎಳೆದೊಯ್ದಳು.

“ಬಿರಡೆ ಕೆಟ್ಟು ಇದು ಒದ್ದೆ ರಟ್ಟಿನ ಥರ ನಾರ್ತಿದೆ. ನಿಂಗೆ ಚೆರಿ ಎಲ್ಲಿಂದ ಬಂತು?”

ದೊರೆ ಬಾಗಿಲತ್ತ ನೋಡಿ ದನಿ ತಗ್ಗಿಸಿದ. “ಮೂರು ತಿಂಗಳಾಯ್ತು ಕಣೇ. ಯಾವ ವಾಸನೇನೂ ಗೊತ್ತಾಗಲ್ಲ.”

“ನನಗೂ ಹೇಳಲಿಲ್ಲವಲ್ಲಣ್ಣ!” ಅವಳ ಕಣ್ಣು ತುಂಬಿತು. ಮರುಕ್ಷಣವೇ ರೇಗಿದಳು. “ನಾಲಿಗೆ? ಅದೂ ಹೋಯ್ತಾ?” ಟೊಮೆಟೊ ಹಾಕಿ ಬೆಳಗಿನಿಂದ ಬೇಯಿಸುತ್ತಿದ್ದ ಮಾಂಸದ ಒಂದು ತುಂಡನ್ನು ಅವನ ಬಾಯಿಗಿಟ್ಟಳು.

ಉಪ್ಪು, ಹುಳಿ, ನುಣ್ಣನೆಯ ಕೊಬ್ಬು. “ನಾಲಿಗೆ ಇದೆ,” ಎಂದ.

“ಮತ್ತಿನ್ನೇನು? ಗೊತ್ತಾದಷ್ಟು ಹೇಳು. ಮೂಸೋಕೆ ನಾನಿದ್ದೀನಿ.”

“ಕೆಲಸದಿಂದ ತೆಗೆದ್ರೆ?”

“ಯಾರಾದ್ರೂ ಗಿರಾಕಿ ಎದುರಿಗೆ ಸಿಕ್ಕಿಬಿದ್ರೆ? ನಡಿ ಸುಮ್ಮನೆ.”

ಮಾಂಸದ ಬಟ್ಟಲು ಹಿಡಿದು ಇಬ್ಬರೂ ಯಜಮಾನಿಯ ಮೇಜಿಗೆ ಮರಳಿದರು. ಎರಡನೆಯ ಬಾಟಲಿಯನ್ನು ತಂಗಿ ಮೊದಲು ಮೂಸಿ ತಲೆಯಾಡಿಸಿದಳು. ದೊರೆ ಒಂದು ಗುಟುಕು ಬಾಯಲ್ಲಿ ಆಡಿಸಿದ. “ಬಾಯಲ್ಲಿ ನೀರೂರಿಸೋ ಹುಳಿ. ಒಗರಂತೂ ಒಸಡನ್ನೇ ಹಿಡಿಯುತ್ತೆ. ಬರೀ ಕುಡಿದ್ರೆ ಶುದ್ಧ ಜಗಳಗಂಟಿ.” ಮಾಂಸ ತಿಂದು ಮತ್ತೊಂದು ಗುಟುಕು ಕುಡಿದ. “ಈಗ ನೋಡಿ, ಕೊಬ್ಬಿಗೆ ಒಗರು ಮೆತ್ತಗಾಯ್ತು. ಟೊಮೆಟೊ ಹುಳಿಗೂ ಇದರ ಹುಳಿಗೂ ಜೋಡಿ ಕೂಡಿತು. ಹಳೇ ಗಟ್ಟಿ ಚೀಸಿಗೂ ಸರಿ. ಮೀನಿಗೆ ಮಾತ್ರ ಬೇಡ, ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಾಗುತ್ತೆ.”

“ಪರಿಮಳ?” ಯಜಮಾನಿ ಕೇಳಿದರು.

ದೊರೆ ಗ್ಲಾಸು ಕೆಳಗಿಟ್ಟ. “ಅದು ಗೊತ್ತಾಗಲ್ಲಮ್ಮ. ಜ್ವರದಲ್ಲಿ ಮೂಗು ಹೋಯ್ತು. ಆಗ ಹೇಳಿದ ಚೆರಿ, ಹೂವು ಎಲ್ಲ ಬುರುಡೆ. ಆ ಬಾಟಲಿ ಕೆಟ್ಟಿತ್ತು.”

ಯಜಮಾನಿಯ ಮುಖ ಬಿಗಿಯಿತು. “ಇಷ್ಟು ದಿನ ನನ್ನ ಗಿರಾಕಿಗಳಿಗೂ ಬುರುಡೇನಾ?”

“ಹೌದಮ್ಮ.”

ಅವರು ಒಂದು ತುಂಡು ತಿಂದರು, ಒಂದು ಗುಟುಕು ಕುಡಿದರು, ಮತ್ತೆ ತಿಂದರು.

“ಒಗರು ಮೆತ್ತಗಾಗುತ್ತೆ ಅಂದದ್ದು ನಿಜ,” ಎಂದರು ಕಡೆಗೆ. “ಇನ್ಮೇಲೆ ಪ್ರತಿ ಬಾಟಲೀನೂ ಮೊದಲು ನಿಮ್ಮ ತಂಗಿ ಮೂಸಲಿ. ಇನ್ನೊಂದು ಸಲ ಬುರುಡೆ ಬಿಟ್ಟರೆ ನಾನು ಸುಮ್ಮನಿರಲ್ಲ. ಹೂಂ, ಬರೀರಿ.”

ದೊರೆ ಹುಳಿ, ಒಗರು, ಮಾಂಸ, ಚೀಸ್ ಎಲ್ಲ ಬರೆದ. ಪರಿಮಳದ ಜಾಗ ಖಾಲಿ ಉಳಿಯಿತು. “ಏನು ವಾಸನೆ, ಹೇಳೇ.”

ತಂಗಿಗೆ ವೈನಿನ ಮಾತು ಎಲ್ಲಿ ಬರಬೇಕು! ಗ್ಲಾಸಿನೊಳಗೆ ಮೂಗಿಟ್ಟು ಹುಡುಕಾಡಿದಳು. “ಚೆರಿ ಇದೆ, ಒಣಗಿದ್ದು. ಆಮೇಲೆ... ಅಪ್ಪನ ಕೋಟು ಕಣಣ್ಣ. ಬಾಗಿಲ ಹಿಂದೆ ನೇತು ಹಾಕ್ತಿದ್ದರಲ್ಲ, ತೊಗಲಿಂದು. ಜೇಬಲ್ಲಿ ಹೊಗೆಸೊಪ್ಪು.”

ದೊರೆಯ ಪೆನ್ನು ನಿಂತಿತು. ಚಿಕ್ಕಂದಿನಲ್ಲಿ ಆ ಕೋಟಿನೊಳಗೆ ಮುಖ ಹುದುಗಿಸಿ ಅಡಗುತ್ತಿದ್ದವನು ಅವನೇ. ಮೂರು ತಿಂಗಳಲ್ಲಿ ಮೊದಲ ಸಲ ಏನೋ ಗಮ್ಮೆಂದಿತು. ಬರೀ ನೆನಪೇ ಇರಬಹುದು, ಇರಲಿ. ‘ತೊಗಲು, ಹೊಗೆಸೊಪ್ಪು’ ಎಂದು ಬರೆದು, ತೋಳಿನಿಂದ ಕಣ್ಣೊರೆಸಿಕೊಂಡ.

“ಇನ್ನೊಂದ್ಸಲ ಮೂಸೇ,” ಎಂದ. “ಮನೇದು ಇನ್ನೂ ಏನೇನಿದೆ, ಹೇಳು.”