ಸಾಮಾನಿನ ಖರ್ಚಿನಲ್ಲಿ

“ಏಯ್, ಅಲ್ಲೇ ನಿಂತ್ಕೊ! ರಕ್ತ ತೊಟ್ಟಿಕ್ತಾ ಇದೆ, ನೆಲ ಕಾಣಲ್ವಾ ನಿಂಗೆ?”

ದಾಖಲಾತಿ ಕಿಟಕಿಯ ಹುಡುಗಿ ಕಿರುಚಿದಾಗ ನಾನು ನನಗೊರಗಿ ನಿಂತಿದ್ದ ಅಕ್ಕನ ಬಲಗೈಯನ್ನು ಒಂದು ಮಂಚದ ಹಾಸಿನಲ್ಲಿ ಸುತ್ತಿ ಎದೆಗೊತ್ತಿಕೊಂಡಿದ್ದೆ. ಅಕ್ಕ ಎಂದರೆ ನನ್ನ ವಾರಗಿತ್ತಿ. ಇಬ್ಬರೂ ಇದೇ ಸರ್ಕಾರಿ ಆಸ್ಪತ್ರೆಯ ಬಟ್ಟೆ ಒಗೆಯುವವರು. ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ನಡುವೆ ಮುದುರಿಕೊಂಡ ಹಾಸನ್ನು ಎಳೆಯಲು ಹೋಗಿ, ಅದರ ಜೊತೆ ಅವಳ ಕೈಯೂ ಒಳಗೆ ಹೋಗಿತ್ತು.

ಕಟ್ಟು ಕಟ್ಟಿ ಅವಳನ್ನು ಕಾರಿಡಾರಿನಲ್ಲಿ ಮಲಗಿಸಿದರು. ಇವತ್ತೇ ಆಪರೇಷನ್ ಆಗಬೇಕು ಎಂದರು ಡಾಕ್ಟರು. ನೌಕರರಾದರೆ ಕೂಡಲೇ ಒಳಗೆ, ಹೊರಗಿನವರಾದರೆ ಸರದಿ. ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿದಳು.

“ನೌಕರರಲ್ಲಿ ಈ ಹೆಸ್ರೇ ಇಲ್ಲ. ಲೆಕ್ಕದ ಸಾಹೇಬ್ರನ್ನ ಕೇಳು.”

ಮಹಡಿ ಹತ್ತಿ ಓಡಿದೆ. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಸೋಪು, ಸೋಡಾ, ಬ್ಲೀಚಿಂಗ್ ಪುಡಿ. ಅದರ ಕೆಳಗೆ ‘ಒಗೆಯುವವರು’ ಎಂದಿತ್ತು.

“ಹೊಸ ಸಾಫ್ಟ್‌ವೇರಲ್ಲಿ ನಿಮ್ಗೆ ಅಂತ ಹುದ್ದೆ ಇಲ್ಲ. ಸಂಬಳದ ಕಡೆ ಹಾಕಿದ್ರೆ ತಗೊಳ್ಳಲ್ಲ ಅದು. ಅದಕ್ಕೇ ಸಾಮಾನಿನ ಖರ್ಚಿಗೆ ಹಾಕಿದೀನಿ.”

“ಈಗ ಒಂದ್ ಹೆಸ್ರು ಸೇರಿಸಿ ಸಾಹೇಬ್ರೇ. ಕೈ ಹೋಗ್ತದೆ.”

“ಮೇಲಿನ ಕಚೇರಿ ಒಪ್ಪಬೇಕು. ನಿನ್ ವಾರಗಿತ್ತಿ ಕೈಗೋಸ್ಕರ ನಾನ್ ಕೆಲ್ಸ ಕಳ್ಕೋಬೇಕಾ? ನಡಿ, ರೂಮೆಲ್ಲಾ ವಾಸನೆ.”

ಮೂಲೆಯಲ್ಲಿ ಹಳೇ ಗುಮಾಸ್ತರು ಕೂತಿದ್ದರು. ಮೊದಲು ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರು ಬರೆಯುತ್ತಿದ್ದವರು ಅವರೇ. ಅಕ್ಕನ ಹೆಸರನ್ನು ಯಾವಾಗಲೂ ತಪ್ಪು ಬರೆಯುತ್ತಿದ್ದರು, ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಈಗ ಅವರು ನನ್ನ ಮುಖ ನೋಡಲಿಲ್ಲ.

“ಹೆಸ್ರು ಬರೆಯೋಕೆ ಜಾಗಾನೇ ಇಲ್ಲಮ್ಮ ಇದ್ರಲ್ಲಿ,” ಎಂದು ಮೌಸನ್ನು ಸುಮ್ಮನೆ ಅತ್ತಿತ್ತ ಸರಿಸಿದರು.

ಸರದಿ ಬಂದದ್ದು ಮರುದಿನ. ಅಷ್ಟರಲ್ಲಿ ಬೆರಳುಗಳು ಕಪ್ಪಿಟ್ಟಿದ್ದವು. ಮಣಿಕಟ್ಟಿಗಿಂತ ಮೇಲಕ್ಕೆ ಕೈ ಕತ್ತರಿಸಿದರು.

ಒಗೆಯುವ ಮನೆಗೆ ಬಂದು ಎಲ್ಲರಿಗೂ ಹೇಳಿದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ನಾವು ಅಜ್ಜಿ ಎನ್ನುತ್ತಿದ್ದವಳು, ಎದ್ದು ಹೋಗಿ ಯಂತ್ರದ ಸ್ವಿಚ್ಚು ಆರಿಸಿದಳು.

ನಮ್ಮ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಓಡಿಬಂದ. “ಏನ್ರೇ ಮುಂಡೇರಾ, ಹಾಸು ಎಲ್ಲಿ? ವಾರ್ಡಿಂದ ಬಾಯ್ ಬಡ್ಕೋತಾವ್ರೆ!”

“ನಾವು ಸಾಮಾನಂತೆ ಕಣಪ್ಪ,” ಎಂದಳು ಅಜ್ಜಿ, ಗೋಡೆಗೊರಗಿ ಕೂರುತ್ತಾ. “ಸಾಮಾನು ಇಟ್ಟಲ್ಲೇ ಇರ್ತದೆ. ಆ ಸೋಪಿಗೇ ಹೇಳು, ಒಗೀಲಿ.”

“ನಿನ್ನಜ್ಜಿ ತಲೆ! ನಾಳೆನೇ ಬೇರೆಯೋರ್ನ ಕರ್ಕೊಂಡ್ ಬರ್ತೀನಿ.”

“ಬರ್ಲಿ ಬೋಳಿಮಗನೇ. ಅವ್ರನ್ನೂ ಸೋಡಾ ಜೊತೆ ಬರ್ಕೊಳ್ಳಿ.”

ಒಬ್ಬೊಬ್ಬರಾಗಿ ಎಲ್ಲರೂ ಅಜ್ಜಿಯ ಪಕ್ಕ ಕೂತೆವು. ನಮ್ಮೆದುರು ಕೊಳೆ ಬಟ್ಟೆ ಗುಡ್ಡೆಯಾಗುತ್ತಾ ಹೋಯಿತು.

ಸಂಜೆ ನಾನು ವಾರ್ಡಿಗೆ ಹೋದೆ. ಯಾವ ಮಂಚದ ಮೇಲೂ ಹಾಸು ಇರಲಿಲ್ಲ. ಅಕ್ಕನ ಬೆನ್ನು ಹಾಸಿಗೆಯ ರೆಕ್ಸಿನ್ನಿಗೆ ಅಂಟಿಕೊಂಡಿತ್ತು. ಪಕ್ಕದ ಮಂಚದಲ್ಲಿ ಜ್ವರದ ಮಗುವನ್ನು ಅದರ ತಾಯಿ ತನ್ನ ಮೈಗೊತ್ತಿ ಹಿಡಿದಿದ್ದಳು. “ಮಗು ನಡುಗ್ತಾ ಇದೆ. ಆ ಒಗೆಯೋರ ಮನೆ ಹಾಳಾಗ, ಅವ್ರ ಕೈಗೆ ಹುಳ ಬೀಳ,” ಎಂದು ಶಪಿಸುತ್ತಿದ್ದಳು. ಅವಳ ಬಟ್ಟೆಯೂ ನಮ್ಮದರಷ್ಟೇ ಹರಿದಿತ್ತು.

ನಾನು ಅಕ್ಕನ ಕಿವಿಯ ಬಳಿ ಬಗ್ಗಿದೆ.

“ಅಕ್ಕಾ, ಎರಡೇ ಎರಡು ಹಾಸು ಒಗ್ಕೊಂಡ್ ಬರ್ಲಾ? ಆ ಮಗೂಗೊಂದು, ನಿಂಗೊಂದು.”

ಅಕ್ಕ ಮಗುವಿನ ಕಡೆ ಬಹಳ ಹೊತ್ತು ನೋಡಿದಳು. ಅವಳ ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

“ಬೇಡ ಕಣೇ,” ಎಂದಳು. “ಒಗೀಬೇಡ.”

ನನ್ನ ಶಾಲನ್ನು ತೆಗೆದು ಆ ಮಗುವಿಗೆ ಹೊದಿಸಿದೆ. ಅದರ ತಾಯಿ ನಾನು ಯಾರೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ತಿರುಗಿ ನೋಡಿದರೆ ಅಕ್ಕ ಮುಖದ ನೀರು ಒರೆಸಿಕೊಳ್ಳಲು ಬಲಗೈ ಎತ್ತಿದ್ದಳು. ಕಟ್ಟು ಸುತ್ತಿದ ಮೋಟು ತೋಳು ಕೆನ್ನೆಯವರೆಗೆ ಬಾರದೆ ಗಾಳಿಯಲ್ಲೇ ನಿಂತಿತ್ತು.