ಸಮಿಸೋನಿ ತಂದ ಹಲ್ಲು

ಮರಗೆಣಸಿನ ಸಿಪ್ಪೆಯನ್ನು ಒಂದೇ ಎಳೆತಕ್ಕೆ ಸುಲಿದು ಹಂಡೆಗೆ ಎಸೆದ ಬಿದ್ಯಾವತಿ ತಲೆಯೆತ್ತಿದಳು. ಅಂಗಡಿಯ ಬಿಳಿ ವ್ಯಾನು ಹಳ್ಳಿಯೊಳಗೆ ಬರುತ್ತಿತ್ತು.

"ಬಂದ ನೋಡೇ ಮ್ಯಾನೇಜರ್ ಮಹಾರಾಯ. ವಸೀತಿ ಆಸ್ಪತ್ರೇಲಿದ್ದಾಗ ಒಂದಿನ ಈ ಕಡೆ ತಲೆ ಹಾಕ್ಲಿಲ್ಲ."

"ಮೆಲ್ಲಗೆ ಮಾತಾಡಕ್ಕಾ," ಎಂದಳು ಪಕ್ಕದಲ್ಲಿ ಒಲೆ ಊದುತ್ತಿದ್ದ ಉನೈಸಿ. "ಕೇಳಿಸ್ಕೊಂಡ್ರೆ ನಾಳೆಯಿಂದ ನನ್ನನ್ನ ಗೋಡೌನಿಗೆ ಹಾಕ್ತಾನೆ."

"ಹಾಕ್ಲಿ ಬಿಡು. ಅಲ್ಲಾದ್ರೂ ಅವನ ಮುಖ ಕಾಣಲ್ಲ."

ಇಬ್ಬರೂ ಫಿಜಿಯ ಲೌಟೋಕ ಪೇಟೆಯ ಒಂದೇ ಸೂಪರ್‌ಮಾರ್ಕೆಟ್ಟಿನಲ್ಲಿ ಕೆಲಸಕ್ಕಿದ್ದವರು. ಒಳಗೆ, ತನ್ನ ಅಣ್ಣ ತೊಮಾಸಿಯ ಮನೆಯ ನಡುಮನೆಯಲ್ಲಿ, ಚಾಪೆಗಳ ಮೇಲೆ ಹೆಣವಾಗಿ ಮಲಗಿದ್ದ ವಸೀತಿ ಹದಿನೆಂಟು ವರ್ಷ ಅದೇ ಅಂಗಡಿಯ ಮೂರನೇ ಕೌಂಟರಿನಲ್ಲಿ ನಿಂತವಳು. ಸಕ್ಕರೆ ಕಾಯಿಲೆ ಮೊದಲು ಕಾಲಿಗೆ ಬಂತು, ಆಮೇಲೆ ಎದೆಗೆ. ಬುಧವಾರ ಹೋಗಿಬಿಟ್ಟಳು. ಬರುವ ಸೋಮವಾರ ಕಾರ್ಮಿಕ ನ್ಯಾಯಾಲಯದಲ್ಲಿ ಕೇಸಿತ್ತು. ದಿನಕ್ಕೆ ಎರಡು ಗಂಟೆ ಬಿಟ್ಟಿ ದುಡಿಸಿಕೊಂಡಿದ್ದಕ್ಕೆ ಸಂಬಳ ಕೊಡಿ ಎಂದು ಒಂಬತ್ತು ಹೆಂಗಸರು ಹಾಕಿದ ಕೇಸು. ಅರ್ಜಿಯಲ್ಲಿ ಮೊದಲ ಹೆಸರು ವಸೀತಿಯದು. ಉನೈಸಿಯ ಹೆಸರು ಅದರಲ್ಲಿ ಇರಲಿಲ್ಲ. ಎರಡು ಮಕ್ಕಳು, ಕೆಲಸವಿಲ್ಲದ ಗಂಡ, ಬಾಡಿಗೆ ಮನೆ. ಅವಳ ಹೆದರಿಕೆಯನ್ನು ಯಾರೂ ಆಡಿಕೊಳ್ಳುತ್ತಿರಲಿಲ್ಲ.

ವ್ಯಾನಿನಿಂದ ಮ್ಯಾನೇಜರ್ ಸಮಿಸೋನಿ ಇಳಿದ. ಅವನ ಹಿಂದೆ ಅವನೂರಿನ ಮುದುಕರೊಬ್ಬರು ಇಳಿದರು. ಆ ಮುದುಕರ ಕೈಯಲ್ಲಿದ್ದದ್ದನ್ನು ಬಿದ್ಯಾವತಿ ಕಂಡಳು. ಹುರಿಹಗ್ಗ ಕಟ್ಟಿದ, ಹಳದಿಗಟ್ಟಿದ ತಿಮಿಂಗಿಲದ ಹಲ್ಲು, ಇಲ್ಲಿನವರು ಸಾವಿಗೂ ರಾಜಿಗೂ ತರುವ ಕಾಣಿಕೆ.

*

ಐದಕ್ಕೆ ಅಂಗಡಿಯ ಬಾಗಿಲು ಹಾಕುತ್ತಿದ್ದರು. ಐದಕ್ಕೇ ಎಲ್ಲರೂ ಸಾಲಾಗಿ, ಕೆಲಸ ಮುಗಿಯಿತೆಂದು ಹಾಜರಿ ಕಾರ್ಡು ಒತ್ತಬೇಕು. ಒತ್ತಿದ ಮೇಲೆ ತಿರುಗಿ ಒಳಗೆ ಹೋಗಿ ಹಿಟ್ಟಿನ ಮೂಟೆ ಜೋಡಿಸಬೇಕು, ನೆಲ ಒರೆಸಬೇಕು, ಫ್ರಿಜ್ಜು ತೊಳೆಯಬೇಕು. "ನಾವೆಲ್ಲ ಒಂದೇ ಮನೆಯವರು," ಎನ್ನುತ್ತಿದ್ದ ಸಮಿಸೋನಿ. ಮನೆಯವರು ಕತ್ತಲಾದ ಮೇಲೆ ಬಸ್ಸಿಗೆ ಓಡುತ್ತಿದ್ದರು.

ವಸೀತಿ ಮದುವೆಯಾಗಲಿಲ್ಲ. ಅಣ್ಣನ ನಾಲ್ಕು ಮಕ್ಕಳ ಯೂನಿಫಾರ್ಮು, ಪುಸ್ತಕ, ಚರ್ಚಿನ ಬಿಳಿ ಬಟ್ಟೆ ಎಲ್ಲ ಅವಳ ಸಂಬಳದ್ದು. ಜಗಳವೆಂದರೆ ದೂರ ಸರಿಯುವ ಹೆಂಗಸು. ಒಂದು ದಿನ ಮಾತ್ರ ಐದಕ್ಕೆ ಕಾರ್ಡು ಒತ್ತಿ ಅಕ್ಕಿಮೂಟೆಯ ಮೇಲೆ ಕೂತುಬಿಟ್ಟಳು.

"ಏನಕ್ಕಾ, ಹುಷಾರಿಲ್ವಾ?" ಎಂದ ಸಮಿಸೋನಿ.

"ಹುಷಾರಾಗಿದ್ದೀನಿ. ನಿಮ್ಮ ಕಾರ್ಡಿನ ಪ್ರಕಾರ ನಾನೀಗ ಮನೇಲಿದ್ದೀನಿ. ಮನೇಲಿ ಇಷ್ಟು ಹೊತ್ತಿಗೆ ಹೀಗೇ ಕೂತಿರ್ತೀನಿ. ಒಂದು ಲೋಟ ಚಹಾ ಸಿಗುತ್ತಾ?"

ಹೆಂಗಸರು ಬಿದ್ದೂ ಬಿದ್ದೂ ನಕ್ಕರು. ಮಾರನೆಯ ವಾರ ಅರ್ಜಿ ಹೋಯಿತು. ಅಂಗಡಿಯ ವಕೀಲರ ಉತ್ತರ ಬಂದಾಗ ಯಾರಿಗೂ ನಗು ಬರಲಿಲ್ಲ. ಐದರ ಮೇಲೆ ಒಂದು ನಿಮಿಷವೂ ಯಾರೂ ಅಂಗಡಿಯಲ್ಲಿ ನಿಂತಿಲ್ಲ, ಬೇಕಾದರೆ ಕಾರ್ಡು ನೋಡಿ ಎಂದಿತ್ತು ಅದರಲ್ಲಿ.

*

ಸಮಿಸೋನಿ ಕರೆತಂದ ಮುದುಕರು ಮನೆಯ ಮುಂದಿನ ಚಪ್ಪರದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಹಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಎದುರಿಗೆ ತೊಮಾಸಿ. ಊರಿನವರೆಲ್ಲ ಸುತ್ತ ಕೂತಿದ್ದರು.

"ವಸೀತಿಗಾಗಿ ಇದು ನಮ್ಮ ಕಣ್ಣೀರು," ಎಂದರು ಮುದುಕರು. "ಜೊತೆಗೆ ಇನ್ನೊಂದು ಮಾತು. ಅಂಗಡಿಗೂ ಅವಳಿಗೂ ಮನಸ್ತಾಪ ಇತ್ತು. ತಪ್ಪು ನಮ್ಮ ಕಡೇದು. ಈ ಹಲ್ಲು ತಗೊಂಡು, ಅದನ್ನೂ ಇವತ್ತು ಅವಳ ಜೊತೆ ಮಣ್ಣು ಮಾಡಿಬಿಡಿ."

ಒಲೆಯ ಹತ್ತಿರ ಬಿದ್ಯಾವತಿ ಕತ್ತಿ ಕೆಳಗಿಟ್ಟಳು. ಭಾರತದಿಂದ ಬಂದವರ ವಂಶದವಳು, ಅವಳ ಮನೆಯಲ್ಲಿ ಈ ಪದ್ಧತಿಯಿಲ್ಲ, ಆದರೆ ಇವರ ನಡುವೆಯೇ ಬೆಳೆದವಳು. ತೊಮಾಸಿಯ ಕೈ ಹಲ್ಲಿಗೆ ತಾಗಿತೋ, ಕ್ಷಮೆ ಕೊಟ್ಟ ಹಾಗೆ. ಆಮೇಲೂ ಕೋರ್ಟಿಗೆ ಹೋಗುವುದೆಂದರೆ ಉಗುಳಿದ್ದನ್ನು ನೆಕ್ಕಿದ ಹಾಗೆ. ಕೇಸು ಹಾಕಿದವರ ಪೈಕಿ ಉಳಿದ ಎಂಟು ಜನರಲ್ಲಿ ಆರು ಮಂದಿ ಈ ಸುತ್ತಿನ ಹಳ್ಳಿಗಳವರು. ಅವರು ನಾಳೆಯೇ ಹೆಸರು ವಾಪಸು ತೆಗೆಯುತ್ತಾರೆ. ಬೇಡ ಎನ್ನೋಣವೆಂದರೆ ಸಾವಿನ ಮನೆಗೆ ಬಂದ ಹಲ್ಲನ್ನು ಬೇಡವೆಂದವರುಂಟೇ? ತೊಮಾಸಿ ಜೀವಮಾನವೆಲ್ಲ ಕಬ್ಬು ಕಡಿದವನು, ನಾಲ್ಕು ಜನರೆದುರು ದನಿಯೆತ್ತುವವನಲ್ಲ. ಸಮಿಸೋನಿ ಎಷ್ಟು ಸಲೀಸಾಗಿ ಕಟ್ಟಿಹಾಕಿದನಲ್ಲ ಎಂದು ಬಿದ್ಯಾವತಿಗೆ ಅಳು ಬಂತು.

ತೊಮಾಸಿ ಕೈ ಚಾಚಿದ. ಅರ್ಧಕ್ಕೆ ನಿಲ್ಲಿಸಿದ.

"ತಪ್ಪು ಅಂದ್ರಿ ಹಿರಿಯರೇ. ಯಾವ ತಪ್ಪು ಅಂತ ಹೇಳ್ಲಿಲ್ಲ. ಹೆಸರು ಹೇಳ್ದೆ ಇದ್ರೆ ನಾನು ಏನನ್ನ ಮಣ್ಣು ಮಾಡ್ಲಿ?"

ಕೇಳಿದ್ದು ಸರಿಯಾಗಿಯೇ ಇತ್ತು. ತಪ್ಪೊಪ್ಪುವವರು ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಮುದುಕರಿಗೆ ಕೇಸಿನ ವಿಷಯ ಏನೂ ಗೊತ್ತಿರಲಿಲ್ಲ. ಅವರು ಹಿಂದೆ ವಾಲಿ ಸಮಿಸೋನಿಯ ಬಾಯಿಗೆ ಕಿವಿಯಿಟ್ಟರು. ಸಮಿಸೋನಿ ಕೋರ್ಟಿಗೆ ಏನು ಬೇಕಾದರೂ ಬರೆದುಕೊಟ್ಟಾನು. ಹಲ್ಲಿನ ಮುಂದೆ ಸುಳ್ಳು ಹೇಳುವ ಎದೆ ಅವನಿಗೂ ಇರಲಿಲ್ಲ. ಏನೋ ಪಿಸುಗುಟ್ಟಿದ.

ಪಾಪ, ಮುದುಕರದು ಸಭೆಗಳಲ್ಲಿ ಪಳಗಿದ ಕಂಠ. "ಐದು ಗಂಟೆ ಆದ್ಮೇಲೂ ಹೆಂಗಸರನ್ನ ನಿಲ್ಲಿಸ್ಕೊಂಡು, ಏಳರವರೆಗೆ ಬಿಟ್ಟಿ ದುಡಿಸಿದ್ದು. ದಿನಾ. ಅದು ತಪ್ಪು," ಎಂದು ಊರಿಗೆಲ್ಲ ಕೇಳುವಂತೆ ಸಾರಿದರು.

ಉನೈಸಿಯ ಕೈಯಿಂದ ಊದುಗೊಳವೆ ಜಾರಿತು.

ತೊಮಾಸಿ ಹಲ್ಲನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. "ಕಣ್ಣೀರಿಗೆ ಅಂತ ತಂದಿದ್ದನ್ನ ತಗೊಂಡಿದ್ದೀನಿ, ನಿಮ್ಮ ಊರಿಗೆ ಒಳ್ಳೇದಾಗ್ಲಿ. ತಪ್ಪಿನ ಮಾತು ಮಾತ್ರ ನನಗೆ ಸೇರಿದ್ದಲ್ಲ. ನನ್ನ ಕೈಲಿ ಯಾರೂ ನೆಲ ಒರೆಸಿಸ್ಲಿಲ್ಲ. ಒರೆಸಿದವರು ಅಲ್ಲಿ ಒಲೆ ಹತ್ರ ಕೂತಿದ್ದಾರೆ. ಅವರವರ ಮನೆಗೆ ಹೋಗಿ ಕೇಳ್ಕೊಳ್ಳಿ. ಅವರು ಬಿಟ್ರೆ ಬಿಟ್ಟ ಹಾಗೆ."

"ಅಣ್ಣಾ, ಅಷ್ಟೂ ಮನೆಗೆ ಹೋಗು ಅಂದ್ರೆ..." ಸಮಿಸೋನಿ ತಡವರಿಸಿದ. "ಬಿದ್ಯಾವತಿಯಂಥವಳಿಗೆ ಹಲ್ಲಿನ ಬೆಲೆ ಏನು ಗೊತ್ತು?"

"ನಮ್ಮನೆಗೆ ಹಲ್ಲು ಬೇಡ ಬಾಸ್," ಎಂದಳು ಬಿದ್ಯಾವತಿ, ಒಲೆಯ ಬುಡದಿಂದಲೇ. "ಸೋಮವಾರ ಈ ಅಜ್ಜನ್ನ ಕರ್ಕೊಂಡು ಕೋರ್ಟಿಗೆ ಬನ್ನಿ. ಎಷ್ಟು ಚೆನ್ನಾಗಿ ಹೇಳ್ತಾರೆ!"

ಸಾವಿನ ಮನೆಯೆಂದು ಮರೆತು ನಾಲ್ಕಾರು ಜನ ಕಿಸಕ್ಕೆಂದರು. ತೊಮಾಸಿಯೂ ತುಟಿ ಕಚ್ಚಿ ನಗು ಹಿಡಿದದ್ದು ಕಂಡಿತು. ಆಮೇಲೆ ಅವನು ಒಳಗೆ ಹೋಗಿ, ತಂಗಿಯ ಕಾಲ ಬಳಿ ಕೂತು, ಮಗುವಿನ ಹಾಗೆ ಅತ್ತ.

*

ಹನ್ನೆರಡಕ್ಕೆ ವಸೀತಿಯನ್ನು ಗುಡ್ಡದ ಮೇಲೆ ಮಣ್ಣು ಮಾಡಿದರು. ಗೋರಿಯ ಮೇಲೆ ಹೊಸ ಚಾಪೆ ಹಾಸಿದಾಗ ಅದರ ಅಂಚನ್ನು ನೇರ ಮಾಡುವ ನೆಪದಲ್ಲಿ ಬಿದ್ಯಾವತಿ ತುಂಬ ಹೊತ್ತು ಅಲ್ಲೇ ಬಗ್ಗಿಕೊಂಡಿದ್ದಳು.

ಅಂಗಡಿ ಕೊಟ್ಟಿದ್ದು ಅರ್ಧ ದಿನದ ರಜೆ. ಮೂರಕ್ಕೆಲ್ಲ ಹೆಂಗಸರು ಕೌಂಟರಿನಲ್ಲಿದ್ದರು. ಐದಾಯಿತು. ಬಾಗಿಲು ಹಾಕಿ ಸಾಲಾಗಿ ಕಾರ್ಡು ಒತ್ತಿದರು.

"ಅಕ್ಕಿ ಲೋಡು ಬಂದಿದೆ..." ಎಂದು ಸಮಿಸೋನಿ ಶುರುಮಾಡಿದ. ಅಭ್ಯಾಸಬಲ.

ಎಲ್ಲರಿಗಿಂತ ಮುಂದಿದ್ದವಳು ಉನೈಸಿ. ಅವಳು ಏಪ್ರನ್ನು ಬಿಚ್ಚಿದಳು. ಗಂಟು ಬೇಗ ಬಿಡಲಿಲ್ಲ. ಮಡಚಿ ಕೌಂಟರಿನ ಮೇಲಿಟ್ಟು, "ನಾಳೆ ಬೆಳಿಗ್ಗೆ ಜೋಡಿಸ್ತೀನಿ ಸಾರ್," ಎಂದು ಹಿಂಬಾಗಿಲಿನಿಂದ ಹೊರಗೆ ಹೋದಳು. ಅವಳ ಹಿಂದೆ ಉಳಿದವರೂ ಹೊರಟರು. ಸಮಿಸೋನಿ ಬೀಗದಕೈ ಹಿಡಿದು ನಿಂತೇ ಇದ್ದ, ತಡೆಯಲಿಲ್ಲ.

ಬಸ್ ನಿಲ್ದಾಣದಲ್ಲಿ ಡ್ರೈವರ್ ಕಣ್ಣರಳಿಸಿದ. "ಏನ್ರಮ್ಮಾ, ಇವತ್ತು ಬೆಳಕಿರುವಾಗ್ಲೇ ಬಂದ್ರಿ, ಅಂಗಡಿಗೆ ಬೆಂಕಿ ಬಿತ್ತಾ?"

"ಬಾಯಿ ಮುಚ್ಕೊಂಡು ಗಾಡಿ ಬಿಡಪ್ಪಾ," ಎಂದಳು ಬಿದ್ಯಾವತಿ.

ಉನೈಸಿ ಅವಳ ಪಕ್ಕ ಕೂತಳು. "ಅಕ್ಕಾ, ಸೋಮವಾರ ನಾನೂ ಬರ್ಲಾ?"

ಬಿದ್ಯಾವತಿ ಎದ್ದು ಅವಳಿಗೆ ಕಿಟಕಿಯ ಕಡೆ ಜಾಗ ಬಿಟ್ಟಳು. ಗಾಜಿಲ್ಲದ ಕಿಟಕಿ, ಸಮುದ್ರದ ಕಡೆಯಿಂದ ಇಳಿಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಮುಂದಿನ ಸೀಟಿನಲ್ಲಿದ್ದ ಗಂಡಸೊಬ್ಬ ಎದ್ದು ಮೇಲಿನ ಟಾರ್ಪಾಲು ಇಳಿಸಲು ಕೈಹಾಕಿದ.

"ಇರ್ಲಿ ಬಿಡಣ್ಣ," ಎಂದರು ನಾಲ್ಕೈದು ಹೆಂಗಸರು ಒಟ್ಟಿಗೇ. ಬಸ್ಸು ಹೊರಟಿತು. ಅವರು ಕಣ್ಣು ಕಿರಿದು ಮಾಡಿಕೊಂಡು, ಮುಖ ತಿರುಗಿಸದೆ, ಬಿಸಿಲಿಗೇ ಕೂತಿದ್ದರು.